‘ಹೀಗೆ’ ಅಂತ ಬರೆಯುವ ಮೊದಲು

ಪ್ರೀತಿಯ ತಮ್ಮಾ,

ನಿನ್ನ ಲೇಖನ ಕೈಸೇರಿ 11 ದಿನವಾಯಿತು. ಎರಡೇ ದಿನದಲ್ಲಿ ಓದಿ ಹೇಳುತ್ತೇನೆ ಅಂದಿದ್ದೆ. ಡೆಡ್‌ಲೈನ್ ಎಂಬ ಪದದ ಹುಟ್ಟಿನ ಬಗ್ಗೆ ಬರೆದ ಲೇಖನಕ್ಕೇ ಡೆಡ್‌ಲೈನ್ ತಪ್ಪಿಸಿದೆ ನೋಡು. ನಗಬೇಡ. ಮೊಮ್ಮಗಳ ನಾಮಕರಣ, ಅದರ ಹಿಂದೆಯೇ ಮನೆಮಂದಿಗೆಲ್ಲ ನೆಗಡಿ. ಇನ್ನೊಂದು ಮಾತು. ಪತ್ರದ ತುಂಬಾ ‘ಮೇಡಂ, ಮೇಡಂ’ ಅಂತ ಬರೆದಿದ್ದೀಯ. ಅಕ್ಕಾ ಅಂದರೆ ಸಾಕು.

ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸುಮ್ನೆ ಖುಷಿಗೆ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದು. ನಿನ್ನ ಕನ್ನಡ ಚೆನ್ನಾಗಿದೆ, ವಾಕ್ಯಗಳು ಉದ್ದವಾಗಿ ಎಳೆಯುವುದಿಲ್ಲ. ಅದರ ಬಗ್ಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ಪೆನ್ಸಿಲ್ ನಿಂತದ್ದು ಎರಡನೇ ಪುಟದಲ್ಲಿ, ಒಂದೇ ಒಂದು ಪದದ ಮೇಲೆ. ಅಮೆರಿಕದ ಒಂದು ಸೆರೆಶಿಬಿರದಲ್ಲಿ ದಾಟಿದ ಕೈದಿಗೆ ಗುಂಡು ಹೊಡೆಯುತ್ತಿದ್ದ ಗೆರೆಯೇ ಈ ಪದದ ಮೂಲ ಅಂತ ಹೇಳಿ ನೀನು ಬರೆದ ಸಾಲು ಇದು: ‘ಹೀಗೆ ಆ ಸೆರೆಮನೆಯ ಗೆರೆ ಇಂದು ನಮ್ಮ ಆಫೀಸಿನ ಗಡಿಯಾರವನ್ನು ಸೇರಿತು.’ ಆ ‘ಹೀಗೆ’ ಪಕ್ಕದಲ್ಲಿ ನಾನು ‘ಹೇಗೆ?’ ಅಂತ ಬರೆದಿದ್ದೇನೆ. ಈ ಪತ್ರದಲ್ಲಿ ನಾನು ಹೇಳುವುದೆಲ್ಲ ಅಷ್ಟೇ. ಆದರೂ ಓದು.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಆಗ ನನಗೆ 23 ವಯಸ್ಸು. ಒಂದು ವಾರಪತ್ರಿಕೆಗೆ ಪುಟದ ಮೂಲೆ ತುಂಬಿಸುವ ಪುಟ್ಟ ಬರಹಗಳನ್ನು ಬರೆಯುತ್ತಿದ್ದೆ. ಒಂದು ವಾರ ‘ನ್ಯೂಸ್’ ಪದದ ಬಗ್ಗೆ ಬರೆದೆ. ನಾರ್ತ್, ಈಸ್ಟ್, ವೆಸ್ಟ್, ಸೌತ್, ಈ ನಾಲ್ಕರ ಮೊದಲ ಅಕ್ಷರ ಸೇರಿಸಿದರೆ ನ್ಯೂಸ್, ನಾಲ್ಕು ದಿಕ್ಕಿನಿಂದ ಬರುವುದರಿಂದ ಆ ಹೆಸರು ಅಂತ. ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಕ್ವಿಜ್ ಪುಸ್ತಕದಲ್ಲೂ ಇತ್ತು. ಅನುಮಾನವೇ ಬರಲಿಲ್ಲ. ಮುಂದಿನ ವಾರ ಒಂದು ಪೋಸ್ಟ್ ಕಾರ್ಡ್ ಬಂತು. ಬರೆದವರು ಯಾರೋ ರಿಟೈರ್ ಆದ ಮೇಷ್ಟ್ರು. ‘ಅಮ್ಮಾ, ನ್ಯೂ ಅಂದರೆ ಹೊಸದು. ಹೊಸ ಸಂಗತಿಗಳು ಹಲವಾದರೆ ನ್ಯೂಸ್. ಹಳೆಯ ಫ್ರೆಂಚಿನಲ್ಲೂ ಸುದ್ದಿಗೆ ಹೊಸವುಗಳು ಎಂದೇ ಅನ್ನುತ್ತಿದ್ದರು. ದಿಕ್ಕುಗಳಿಗೆ ಇಲ್ಲಿ ಕೆಲಸವಿಲ್ಲ.’ ಇಷ್ಟೇ. ಬೈಗುಳ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕಾರ್ಡನ್ನು ಸಾಸಿವೆ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ, ಮನೆಯಲ್ಲಿ ಯಾರೂ ಓದದಿರಲಿ ಅಂತ.

ಪದದ ಹುಟ್ಟಿನ ಕತೆಗಳಿಗೆ ಇದೊಂದು ಕೆಟ್ಟ ಗುಣ. ಕೇಳಿದ ಕೂಡಲೇ ‘ಓಹೋ!’ ಅನಿಸುತ್ತದೆ. ಆ ‘ಓಹೋ’ ಬಂದ ಮೇಲೆ ಮನಸ್ಸು ಮುಂದೆ ಏನನ್ನೂ ಕೇಳುವುದಿಲ್ಲ. ನಮ್ಮ ಬೆಂದಕಾಳೂರನ್ನೇ ತಗೋ. ಬೇಟೆಗೆ ಹೋಗಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರು ಆಯಿತು, ಆಮೇಲೆ ಬೆಂಗಳೂರು. ಎಷ್ಟು ಮುದ್ದಾದ ಕತೆ ಅಲ್ವಾ? ಆದರೆ ಬೇಗೂರಿನ ದೇವಸ್ಥಾನದ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಆಗಲೇ ಇದೆ. ಆ ಕಲ್ಲು ಸುಮಾರು ಕ್ರಿ.ಶ. 890ರದು. ಬಲ್ಲಾಳ ಪಟ್ಟಕ್ಕೆ ಬಂದದ್ದು 12ನೇ ಶತಮಾನದಲ್ಲಿ. ಕಾಳು ಬೇಯುವ ಮೊದಲೇ ಊರಿಗೆ ಹೆಸರಿತ್ತು.

ಹಾಗಾಗಿ ಪದದ ಕತೆ ಸಿಕ್ಕಿದಾಗಲೆಲ್ಲ ನಾನು ನೋಡುವುದು ಇಸವಿ. ಕತೆಯ ಇಸವಿ ಯಾವುದು, ಪದ ಮೊದಲು ಬರಹದಲ್ಲಿ ಸಿಗುವ ಇಸವಿ ಯಾವುದು. ನಿನ್ನ ಡೆಡ್‌ಲೈನ್ ಕತೆ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅರ್ಧ ಮಾತ್ರ. ಅದಕ್ಕೇ ಅದು ನನಗೆ ಇನ್ನೂ ಇಷ್ಟವಾಯಿತು.

ಪಾಸಾದ ಅರ್ಧದ ಬಗ್ಗೆ ಮೊದಲು. ಆಂಡರ್ಸನ್‌ವಿಲ್ ಎಂಬ ಆ ಸೆರೆಶಿಬಿರದ ಬಗ್ಗೆ ನೀನು ನಾಲ್ಕು ಸಾಲು ಬರೆದು ಮುಂದೆ ಓಡಿದ್ದೀಯ. ನನಗೆ ಹೊಟ್ಟೆ ಉರಿಯಿತು. ಲೇಖನದ ಜೀವ ಇರುವುದೇ ಅಲ್ಲಿ. ನೀನು ‘ಭೀಕರ’ ಅಂತ ಒಂದು ಪದ, ‘ಅಮಾನುಷ’ ಅಂತ ಇನ್ನೊಂದು ಪದ ಹಾಕಿ ಕೈತೊಳೆದುಕೊಂಡಿದ್ದೀಯ. ಆ ಎರಡೂ ತೆಗೆದುಹಾಕು. ಅಲ್ಲಿ ಏನಿತ್ತು ಅಂತ ಹೇಳು.

ಅಮೆರಿಕದ ಅಂತರ್ಯುದ್ಧದ ಕಾಲ. ಜಾರ್ಜಿಯಾ ರಾಜ್ಯದಲ್ಲಿ, 1864ರ ಫೆಬ್ರವರಿಯಲ್ಲಿ, ದಕ್ಷಿಣದವರು ಸೆರೆಸಿಕ್ಕ ಉತ್ತರದ ಸೈನಿಕರಿಗಾಗಿ ಈ ಸೆರೆಶಿಬಿರ ತೆರೆದರು. ಪೈನ್ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ನೆಟ್ಟ ಗೋಡೆ. ಒಳಗೆ ಬಯಲು. ಸೂರಿಲ್ಲ. 10,000 ಜನಕ್ಕೆ ಅಂತ ಮಾಡಿದ ಜಾಗ. ಜೂನ್‌ನಲ್ಲಿ ಅದನ್ನು ಹಿಗ್ಗಿಸಿ 26 ಎಕರೆಗೂ ಸ್ವಲ್ಪ ಜಾಸ್ತಿ ಮಾಡಿದರು. ಆಗಸ್ಟ್ ಹೊತ್ತಿಗೆ ಅಲ್ಲಿ ಸುಮಾರು 33,000 ಜನರಿದ್ದರು. ನಮ್ಮ ಕಡೆ ಒಂದು ತಾಲ್ಲೂಕು ಕೇಂದ್ರದ ಜನವನ್ನೆಲ್ಲ ಒಂದು ತೆಂಗಿನ ತೋಟದೊಳಗೆ ತುರುಕಿದ ಹಾಗೆ, ಮರಗಳನ್ನೂ ಕಡಿದುಬಿಟ್ಟ ಮೇಲೆ. 14 ತಿಂಗಳಲ್ಲಿ ಅಲ್ಲಿ ಸುಮಾರು 45,000 ಕೈದಿಗಳು ಬಂದು ಹೋದರು. ಹೋದರು ಅಂದೆ, ಅವರಲ್ಲಿ ಹತ್ತಿರ ಹತ್ತಿರ 13,000 ಜನ ಅಲ್ಲೇ ಮಣ್ಣಾದರು. ಭೇದಿ, ರಕ್ತಭೇದಿ, ಸ್ಕರ್ವಿ. ಗುಂಡಿಗೆ ಸತ್ತವರಿಗಿಂತ ನೀರಿಗೆ, ಹಸಿವಿಗೆ ಸತ್ತವರೇ ಜಾಸ್ತಿ.

ಈಗ ಗೆರೆಗೆ ಬಾ. ದಿಮ್ಮಿ ಗೋಡೆಯಿಂದ ಸುಮಾರು 19 ಅಡಿ ಒಳಗೆ ಅದು ಇತ್ತು. ಸಣ್ಣ ಗೂಟಗಳು, ಅವುಗಳ ಮೇಲೆ ಮೊಳೆ ಹೊಡೆದು ಕೂರಿಸಿದ ಪಟ್ಟಿ. ಮಕ್ಕಳು ಆಟಕ್ಕೆ ಕಟ್ಟುವ ಬೇಲಿಯಷ್ಟು. ಗೋಡೆಯ ಮೇಲಿನ ಅಟ್ಟಣಿಗೆಗಳಲ್ಲಿ ಕಾವಲುಗಾರರು. ಆ ಪಟ್ಟಿ ಮುಟ್ಟಿದರೂ ಗುಂಡು. ಯುದ್ಧ ಮುಗಿದ ಮೇಲೆ, 1865ರಲ್ಲಿ, ಶಿಬಿರದ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಹೆನ್ರಿ ವಿರ್ಜ್‌ನನ್ನು ವಾಷಿಂಗ್ಟನ್ನಿನಲ್ಲಿ ವಿಚಾರಣೆಗೆ ನಿಲ್ಲಿಸಿದರು. ನವೆಂಬರ್ 10ರಂದು ಗಲ್ಲಿಗೆ ಹಾಕಿದರು. ಆ ಆರೋಪಪಟ್ಟಿಯಲ್ಲಿ ಡೆಡ್‌ಲೈನ್ ಎಂಬ ಪದ ಇದೆ. ಪದದ ಜೊತೆಗೆ ಒಂದು ವಿವರವೂ ಇದೆ. ನೀನು ಅದನ್ನು ಬಿಟ್ಟಿದ್ದೀಯ: ಎಷ್ಟೋ ಕಡೆ ಈ ಗೆರೆ ಬರೀ ಊಹೆಯ ಗೆರೆಯಾಗಿತ್ತು. ಗೂಟ ಬಿದ್ದುಹೋಗಿತ್ತು, ಪಟ್ಟಿ ಕಳಚಿತ್ತು. ಕಣ್ಣಿಗೆ ಕಾಣದ ಗೆರೆ. ಅದನ್ನು ದಾಟಿದ್ದೀಯೋ ಇಲ್ಲವೋ ಅಂತ ಹೇಳುವವನು ಮೇಲೆ ಬಂದೂಕು ಹಿಡಿದು ಕೂತವನು.

ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ನಿನ್ನ ‘ಭೀಕರ’ ಪದಕ್ಕಿಂತ ಆ ಬಿದ್ದುಹೋದ ಗೂಟ ಜೋರಾಗಿ ಮಾತಾಡುತ್ತದೆ.

ನೀರಿನ ವಿಷಯವನ್ನೂ ಸೇರಿಸು. ಶಿಬಿರದ ನಡುವೆ ಒಂದು ಸಣ್ಣ ತೊರೆ ಹರಿಯುತ್ತಿತ್ತು. ಕುಡಿಯುವುದು, ತೊಳೆಯುವುದು, ಹೊಲಸು ಎಲ್ಲ ಅದರಲ್ಲೇ. ನೀರು ಒಳಗೆ ಬರುವ ಕಡೆ, ಗೆರೆಯ ಹತ್ತಿರ, ಸ್ವಲ್ಪ ತಿಳಿಯಾಗಿರುತ್ತಿತ್ತು. ಆ ತಿಳಿನೀರಿಗೆ ಕೈ ಚಾಚಿದವರ ಮೇಲೆ ಗುಂಡು ಹಾರಿದ್ದನ್ನು ಬದುಕಿ ಬಂದವರು ಹೇಳಿದ್ದಾರೆ. ಹಾಗೇ ಇನ್ನೊಂದು ಸಾಲು ಬೇಕು, ನ್ಯಾಯಕ್ಕೆ. ಇಂಥ ಗೆರೆ ದಕ್ಷಿಣದವರದ್ದು ಮಾತ್ರ ಅಲ್ಲ. ಉತ್ತರದವರ ಸೆರೆಶಿಬಿರಗಳಲ್ಲೂ ಡೆಡ್‌ಲೈನ್ ಇತ್ತು. ನಿನ್ನ ಲೇಖನದಲ್ಲಿ ಒಂದು ಕಡೆಯವರು ಮಾತ್ರ ರಾಕ್ಷಸರು. ಅದು ಬರೆಯುವುದಕ್ಕೆ ಸಲೀಸು.

ಆ ಶಿಬಿರದಲ್ಲಿ ಇನ್ನೊಬ್ಬ ಇದ್ದ. ಬರೆಯುವವರಿಗೆ ಅವನ ಪರಿಚಯ ಇರಬೇಕು. ಡೋರೆನ್ಸ್ ಆಟ್‌ವಾಟರ್. ಕನೆಕ್ಟಿಕಟ್‌ನ ಹುಡುಗ, 16ಕ್ಕೇ ಸೈನ್ಯ ಸೇರಿದವನು. 1864ರಲ್ಲಿ ಅವನಿಗೆ 19. ಅಕ್ಷರ ಚೆನ್ನಾಗಿತ್ತು ಅನಿಸುತ್ತದೆ, ಸತ್ತವರ ಹೆಸರು ಬರೆದಿಡುವ ಗುಮಾಸ್ತೆ ಕೆಲಸಕ್ಕೆ ಹಾಕಿದರು. ಹೆಸರು, ಪಡೆ, ತಾರೀಕು, ಕಾರಣ, ಗೋರಿಯ ನಂಬರು. ದಿನಾ ಬರೆದ. ದಕ್ಷಿಣದವರಿಗೆ ಒಂದು ಪ್ರತಿ. ಕದ್ದು ತನಗೊಂದು ಪ್ರತಿ. ಬಿಡುಗಡೆಯಾದಾಗ ಆ ಪಟ್ಟಿಯನ್ನು ಕೋಟಿನ ಒಳಪದರದಲ್ಲಿ ಬಚ್ಚಿಟ್ಟುಕೊಂಡು ಹೊರಗೆ ತಂದ. 1865ರ ಬೇಸಿಗೆಯಲ್ಲಿ ಕ್ಲಾರಾ ಬಾರ್ಟನ್ ಜೊತೆಗೆ ಮತ್ತೆ ಅದೇ ಜಾಗಕ್ಕೆ ಹೋದ. ಆಮೇಲೆ ಅಮೆರಿಕದ ರೆಡ್ ಕ್ರಾಸ್ ಕಟ್ಟಿದಳಲ್ಲ, ಅದೇ ಬಾರ್ಟನ್. ಪಟ್ಟಿ ನೋಡಿ ಒಂದೊಂದು ಗೋರಿಗೂ ಹೆಸರು ಹಾಕಿಸಿದರು. ಸುಮಾರು 13,000 ಗೋರಿಗಳಲ್ಲಿ ಹೆಸರಿಲ್ಲದೆ ಉಳಿದದ್ದು 460 ಮಾತ್ರ.

ಅವನಿಗೆ ಸಿಕ್ಕ ಬಹುಮಾನ ಏನು ಗೊತ್ತಾ? ಪಟ್ಟಿ ಯಾರದ್ದು ಎಂಬ ಜಗಳದಲ್ಲಿ ಅವನದ್ದೇ ಕಡೆಯ ಸೈನ್ಯ ಅವನನ್ನು ಜೈಲಿಗೆ ಹಾಕಿತು. ಹೊರಗೆ ಬಂದ ಮೇಲೆ, 1866ರಲ್ಲಿ, ಪಟ್ಟಿ ಅಚ್ಚಾಯಿತು. ಅವನನ್ನು ನಿನ್ನ ಲೇಖನಕ್ಕೆ ತರಬೇಕೋ ಬೇಡವೋ ನೀನೇ ನೋಡು. ಪದದ ಕತೆಗೆ ಅವನು ನೇರವಾಗಿ ಬೇಕಿಲ್ಲ. ನಾನಾದರೆ ಹೇಗಾದರೂ ಜಾಗ ಮಾಡುತ್ತಿದ್ದೆ.

ಈಗ ಪಾಸಾಗದ ಅರ್ಧ, ಅಂದರೆ ನಿನ್ನ ‘ಹೀಗೆ’.

1865ಕ್ಕೂ ಪತ್ರಿಕೆಯವರು ಡೆಡ್‌ಲೈನ್ ಎಂದು ಕೊನೆಯ ಹೊತ್ತಿಗೆ ಹೇಳತೊಡಗಿದ ಕಾಲಕ್ಕೂ ನಡುವೆ ಅರ್ಧ ಶತಮಾನ ಇದೆ. ನೀನು ಅದನ್ನು ಒಂದೇ ಪದದಲ್ಲಿ ಹಾರಿದ್ದೀಯ. ಹಾರಿದ ಜಾಗದಲ್ಲಿ ಏನೂ ಇರಲಿಲ್ಲವಾ? ಬೇಕಾದಷ್ಟು ಇತ್ತು. 1870ರ ದಶಕದಲ್ಲಿ ಕಾನ್ಸಾಸ್‌ನ ಡಾಡ್ಜ್ ಸಿಟಿಯಲ್ಲಿ ರೈಲು ಹಳಿಯನ್ನೇ ಡೆಡ್‌ಲೈನ್ ಅನ್ನುತ್ತಿದ್ದರು. ದನ ಹೊಡೆದುಕೊಂಡು ಬರುವ ಕೌಬಾಯ್‌ಗಳು ಹಳಿಯ ಆಚೆ ಬಂದೂಕು ಹಿಡಿದು ಹೋಗುವ ಹಾಗಿರಲಿಲ್ಲ. 1880ರಲ್ಲಿ ನ್ಯೂಯಾರ್ಕಿನಲ್ಲಿ ಥಾಮಸ್ ಬರ್ನ್ಸ್ ಎಂಬ ಪೊಲೀಸ್ ಅಧಿಕಾರಿ ಫುಲ್ಟನ್ ರಸ್ತೆಯನ್ನು ಡೆಡ್‌ಲೈನ್ ಮಾಡಿದ. ಬ್ಯಾಂಕು, ವಜ್ರದಂಗಡಿ ಎಲ್ಲ ಇದ್ದದ್ದು ಅದರ ದಕ್ಷಿಣಕ್ಕೆ. ಹೆಸರಾಂತ ಕಳ್ಳ ಯಾರಾದರೂ ಅಲ್ಲಿ ಕಂಡರೆ ಸುಮ್ನೆ ಹಿಡಿದು ಒಳಗೆ ಹಾಕು, ಅಷ್ಟೇ. ನೋಡು, ಗೆರೆ ಉಳಿಯಿತು, ಸಾವು ಸ್ವಲ್ಪ ಸ್ವಲ್ಪವೇ ಸವೆಯಿತು. ನಮ್ಮ ಪತ್ರಿಕೆಗಳು ಎಲ್ಲದಕ್ಕೂ ‘ಲಕ್ಷ್ಮಣರೇಖೆ’ ಅಂತ ಬರೆಯುವ ಹಾಗೆ. (ಆ ರೇಖೆಯೂ ವಾಲ್ಮೀಕಿಯಲ್ಲಿ ಇಲ್ಲ. ಅದು ಬೇರೆ ಲೇಖನ. ನೀನು ಬರೆಯದಿದ್ದರೆ ನಾನೇ ಬರೆಯುತ್ತೇನೆ.)

ಇದರ ಪಕ್ಕದಲ್ಲೇ ಇನ್ನೊಂದು ಎಳೆ. ಮೀನು ಹಿಡಿಯುವವರು 1860ರ ಹೊತ್ತಿಗೇ ಡೆಡ್‌ಲೈನ್ ಎಂಬ ಪದ ಬಳಸುತ್ತಿದ್ದರು, ಅಲ್ಲಾಡದೆ ನಿಂತ ಗಾಳದ ದಾರಕ್ಕೆ. ಶಿಬಿರ ತೆರೆಯುವುದಕ್ಕಿಂತ ಮೊದಲು! ಅಲ್ಲಿ ಡೆಡ್ ಅಂದರೆ ಸಾವಲ್ಲ, ಚಲನೆ ಇಲ್ಲದ್ದು. ನಾವೂ ಹೇಳುವುದಿಲ್ಲವಾ, ‘ಫೋನ್ ಡೆಡ್ ಆಗಿದೆ’ ಅಂತ? ಯಾರೂ ಅಳುವುದಿಲ್ಲ.

ಮೂರನೆಯದು ಅಚ್ಚಿನ ಮನೆಯದು. 1917ರ ಒಂದು ಮುದ್ರಣ ಕೈಪಿಡಿಯಲ್ಲಿ, ಮೊಳೆಗಳು (ಅಚ್ಚಿಗೆ ಜೋಡಿಸುವ ಲೋಹದ ಅಕ್ಷರಗಳು) ಯಂತ್ರದ ಡೆಡ್‌ಲೈನ್ ದಾಟದಂತೆ ನೋಡಿಕೊಳ್ಳಿ ಎಂಬ ಎಚ್ಚರಿಕೆ ಇದೆ. ಯಂತ್ರದ ಹಾಸಿನ ಮೇಲೆ ಒಂದು ಗೆರೆ. ಅದರ ಆಚೆ ಇಟ್ಟ ಅಕ್ಷರ ಕಾಗದಕ್ಕೆ ಬರುವುದಿಲ್ಲ. ಇದನ್ನು ಓದಿದಾಗ ನನಗೆ ಅಪ್ಪ ನೆನಪಾದರು. ಅವರು ಒಂದು ಸಣ್ಣ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರ. ಲಗ್ನಪತ್ರಿಕೆಯೇ ಜಾಸ್ತಿ. ಒಂದು ಸಲ ಮೊದಲ ಹಾಳೆ ತೆಗೆದು ನೋಡಿದರೆ ಕೊನೆಯ ಸಾಲೇ ಇಲ್ಲ. ಸಾಲು ಹಾಳೆಯ ಅಂಚಿನಾಚೆ ಹೋಗಿತ್ತು. ಅದರಲ್ಲಿ ಇದ್ದದ್ದು ಹುಡುಗಿಯ ಸೋದರಮಾವನ ಹೆಸರು. ಆತ ಅಲ್ಲೇ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಅಪ್ಪ ಏನೂ ಆಗದವರ ಹಾಗೆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಆ ಹಾಳೆ ನಮ್ಮ ಮನೆಯಲ್ಲಿ ಬಹಳ ವರ್ಷ ಇತ್ತು.

ಅಚ್ಚಿನ ಮನೆಯ ಪಕ್ಕದ ಕೋಣೆಯಲ್ಲೇ ಸಂಪಾದಕರು, ವರದಿಗಾರರು ಇರುತ್ತಿದ್ದರು. 1920ರ ಹೊತ್ತಿಗೆ ಅಮೆರಿಕದ ಪತ್ರಿಕೆಯವರು ಡೆಡ್‌ಲೈನ್ ಅಂದರೆ ಸುದ್ದಿ ಒಪ್ಪಿಸಬೇಕಾದ ಕೊನೆಯ ಹೊತ್ತು ಎನ್ನುತ್ತಿದ್ದರು. ಆ ವರ್ಷ ಬಂದ ಒಂದು ಮೂಕಿ ಚಿತ್ರದ ಹೆಸರಿನಲ್ಲೇ ಈ ಪದ ಇತ್ತು, ಕತೆ ಪತ್ರಿಕಾ ಕಚೇರಿಯದು. ಅಂದರೆ ಟಿಕೆಟ್ ತೆಗೆದುಕೊಂಡು ಬರುವ ಜನಕ್ಕೂ ಅರ್ಥ ಗೊತ್ತಿತ್ತು.

ಈಗ ಹೇಳು. ಹೊತ್ತಿನ ಡೆಡ್‌ಲೈನ್ ಯಾವುದರ ಮಗು? ಗುಂಡಿನ ಗೆರೆಯದೋ, ಮೊಳೆಯ ಗೆರೆಯದೋ? ಹೊತ್ತಿನ ಅರ್ಥ ಹುಟ್ಟಿದ್ದು ಪತ್ರಿಕೆಯ ಮನೆಯಲ್ಲಿ, ಆ ಮನೆಯಲ್ಲೇ ಮೊಳೆಯ ಗೆರೆ ಇತ್ತು. ಹಾಗಾಗಿ ನನ್ನ ಒಲವು ಆ ಕಡೆ. ಆದರೆ ಮುದ್ರಕರೇ ಆ ಹೆಸರನ್ನು ಸೆರೆಶಿಬಿರದ ನೆನಪಿನಿಂದ ಎತ್ತಿಕೊಂಡಿರಬಹುದು. ಯುದ್ಧ ಮುಗಿಸಿ ಬಂದವರ ಮಕ್ಕಳು ಅಚ್ಚುಕೂಟಗಳಲ್ಲಿ ದುಡಿಯುತ್ತಿದ್ದ ಕಾಲ ಅದು. ಒಳ್ಳೆಯ ನಿಘಂಟು ಈ ಅರ್ಥಗಳನ್ನು ಇಸವಿ ಹಾಕಿ ಒಂದರ ಕೆಳಗೊಂದು ಇಡುತ್ತದೆ, ಗಂಟು ಹಾಕುವುದಿಲ್ಲ. ನೀನೂ ಹಾಗೇ ಇಡು. ಓದುಗನಿಗೆ ಎರಡೂ ಗೆರೆ ತೋರಿಸು. ನಡುವಿನ ರೈಲು ಹಳಿ, ಫುಲ್ಟನ್ ರಸ್ತೆ ಎಲ್ಲ ತೋರಿಸು. ‘ಹೀಗೆ’ ಬದಲು ‘ಇರಬಹುದು’ ಅಂತ ಬರೆದರೆ ಲೇಖನ ಸೊರಗುತ್ತದೆ ಅಂತ ಹೆದರಬೇಡ. ನಾನು ಓದುಗಳಾಗಿ ಹೇಳುತ್ತೇನೆ, ಒಂದೇ ನೆಗೆತಕ್ಕಿಂತ ಈ ಸುತ್ತುದಾರಿಯೇ ನನಗೆ ರುಚಿ.

ಕೊನೆಯ ಪ್ಯಾರಾ ಪೂರ್ತಿ ಹೊಡೆದುಹಾಕಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ‘ಇನ್ನು ಮುಂದೆ ಡೆಡ್‌ಲೈನ್ ಎನ್ನುವಾಗಲೆಲ್ಲ ನಾವು ಸಾವನ್ನೇ ಕರೆಯುತ್ತಿದ್ದೇವೆ’ ಅಂತ ಬರೆದಿದ್ದೀಯ. ಇಲ್ಲಪ್ಪ, ನಾವು ಮ್ಯಾನೇಜರ್‌ನನ್ನು ಕರೆಯುತ್ತಿದ್ದೇವೆ. ಹುಟ್ಟಿದ ಅರ್ಥವೇ ನಿಜವಾದ ಅರ್ಥ ಅನ್ನುವುದಾದರೆ ‘ನೈಸ್’ ಪದವನ್ನು ಏನು ಮಾಡುತ್ತೀಯ? ಅದರ ಬೇರು ಲ್ಯಾಟಿನ್ನಿನ ‘ನೆಸ್ಕಿಯಸ್’, ಅಂದರೆ ಏನೂ ತಿಳಿಯದವನು. ಸುಮಾರು 1300ರಲ್ಲಿ ಇಂಗ್ಲಿಷಿನವರು ನೈಸ್ ಎಂದರೆ ದಡ್ಡ ಎಂದೇ ಅರ್ಥ. ಆಮೇಲೆ ನಾಜೂಕು, ಆಮೇಲೆ ಸೂಕ್ಷ್ಮ, ಆಮೇಲೆ ಚೆಂದ. ಇನ್ನು ನಮ್ಮ ಅಡುಗೆಮನೆಗೆ ಬಂದು ಅದು ‘ಹಿಟ್ಟು ನೈಸಾಗಿ ರುಬ್ಬು’ ಆಯಿತು. ‘ನೈಸ್ ಮಾಡಿ ದುಡ್ಡು ಕಿತ್ತ’ ಅಂತ ಇನ್ನೊಂದು. ದೋಸೆ ಹಿಟ್ಟನ್ನು ದಡ್ಡವಾಗಿ ರುಬ್ಬುವುದು ಹೇಗೆ? ಪದ ಎಲ್ಲಿ ಹುಟ್ಟಿತು ಅಂತ ಹೇಳು, ಆದರೆ ಅದನ್ನು ಇಟ್ಟುಕೊಂಡು ಈಗ ಆಡುವವರ ಕಿವಿ ಹಿಂಡಬೇಡ.

ಒಂದು ಚಿಕ್ಕ ಜಗಳ ಬಾಕಿ ಇದೆ. ಆಫೀಸಿನ ಡೆಡ್‌ಲೈನಿಗೆ ನೀನು ‘ಮರಣರೇಖೆ’ ಅಂತ ಕನ್ನಡ ಮಾಡಿದ್ದೀಯ. ಯಾರು ಹೇಳುತ್ತಾರೆ ಹಾಗೆ? ಜ್ಯೋತಿಷಿಯೂ ಹೇಳಲಾರ. ಶಿಬಿರದ ಗೆರೆಗೆ ‘ಸಾವಿನ ಗೆರೆ’ ಸಾಕು. ಹೊತ್ತಿಗೆ ನಮ್ಮಲ್ಲಿ ಪದಗಳಿಗೆ ಬರ ಇಲ್ಲ. ಗಡುವು ಇದೆ. ತೆಲುಗಿನವರಿಗೂ ಅದು ಗಡುವೇ, ತಮಿಳಿನಲ್ಲಿ ಕೆಡು. ಅದರಲ್ಲಿ ಗುಂಡಿಲ್ಲ, ಹೆಣವಿಲ್ಲ. ‘ಲಾಸ್ಟ್ ಡೇಟ್’ ಅಂತಲೂ ಊರೆಲ್ಲ ಹೇಳುತ್ತದೆ, ಅದಕ್ಕೂ ನನ್ನ ತಕರಾರಿಲ್ಲ.

ನನಗೆ ಇಷ್ಟವಾದದ್ದು ಮಾತ್ರ ವಾಯಿದೆ. ಅದರ ಬೇರು ಅರಬ್ಬಿಯಲ್ಲಿ, ಅಲ್ಲಿ ಅದು ಕೊಟ್ಟ ಮಾತು. ಹಿಂದಿ ಹಾಡುಗಳಲ್ಲಿ ಬರುವ ‘ವಾದಾ’ ಇದೆಯಲ್ಲ, ಅದೇ. ಎಷ್ಟು ಚೆಂದ ನೋಡು, ಇಂಗ್ಲಿಷಿನವರ ಗೆರೆಯಲ್ಲಿ ಬಂದೂಕು, ಇಲ್ಲಿ ಮಾತು. ಇದನ್ನೇ ಇಟ್ಟು ಒಂದು ಒಳ್ಳೆಯ ಮುಕ್ತಾಯ ಬರೆಯಬೇಕು ಅಂತ ನಿನಗೆ ಈಗಲೇ ಕೈ ತುರಿಸುತ್ತಿರಬೇಕು. ನನಗೂ ತುರಿಸಿತು. ಆದರೆ ‘ಹೇಗೆ?’ ಅಂತ ನನಗೇ ಕೇಳಿಕೊಂಡೆ. ನಮ್ಮ ಕೋರ್ಟಿನ ಹೊರಗೆ ನಿಂತು ಕೇಳು. ‘ವಕೀಲರು ವಾಯಿದೆ ತಗೊಂಡರು’ ಅಂದರೆ ಮಾತು ಉಳಿಸಿಕೊಂಡರು ಅಂತ ಅಲ್ಲ. ಇವತ್ತು ಆಗಲ್ಲ, ಮುಂದಿನ ತಾರೀಕಿಗೆ ಹಾಕಿಸಿಕೊಂಡರು ಅಂತ. ಕೊಟ್ಟ ಮಾತು ಎಂಬ ಪದವೇ ನಮ್ಮ ಕೈಗೆ ಬಂದು ಮುಂದೂಡುವುದು ಎಂದಾಯಿತು. ಮುಕ್ತಾಯ ಕೈತಪ್ಪಿತು, ಪದ ಮಾತ್ರ ಇನ್ನೂ ಪ್ರೀತಿಯಾಯಿತು.

ತಿದ್ದಿದ ಪ್ರತಿಯನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಪೆನ್ಸಿಲ್ ಗೀಟು ಜಾಸ್ತಿ ಕಂಡರೆ ಹೆದರಬೇಡ, ಅರ್ಧ ಗೀಟು ಮೊಮ್ಮಗಳದ್ದು. ಹೊಸದಾಗಿ ಬರೆದು ಮುಂದಿನ ಶುಕ್ರವಾರಕ್ಕೆ ಕಳಿಸು. ಅದು ವಾಯಿದೆ. ಯಾವ ಅರ್ಥದಲ್ಲಿ ಅಂತ ನೀನೇ ನೋಡಿಕೋ.

ಪ್ರೀತಿಯಿಂದ,
ಅಕ್ಕ